ಪದ ಬೇಕು: ‘ಸೀ ಸರ್ಫೇಸ್ ಸಲೈನಿಟಿ’

ಉಪಗ್ರಹದಿಂದ ಕಡಲ ಸಲೈನಿಟಿ ಅಳೆಯುವುದರ ಕುರಿತ ಫಲಕ ನಾಳೆ ಅಚ್ಚಿಗೆ ಹೋಗಬೇಕು. ‘ಸಮುದ್ರ ಮೇಲ್ಪದರದ ಉಪ್ಪಿನಂಶ, ಸರಾಸರಿ ಶೇ. 35’ ಎಂದಿದ್ದೇನೆ. ‘ಬ್ರೈಟ್‌ನೆಸ್ ಟೆಂಪರೇಚರ್’ಗೆ ‘ಹೊಳಪಿನ ಉಷ್ಣತೆ’. ತಿದ್ದಿ ಕೊಡಿ.

> ಶೇಕಡಾ ಅಲ್ಲ, ಸಾವಿರಕ್ಕೆ 35: ಕಿಲೋ ನೀರಿಗೆ ಸುಮಾರು 35 ಗ್ರಾಂ. ಮೊದಲು ಅದನ್ನು ತಿದ್ದಿ. ‘ಮೇಲ್ಪದರ’ವೂ ಬೇಡ. ಸ್ಮಾಸ್ (2009ರಲ್ಲಿ ಹಾರಿದ್ದು), ಸ್ಮ್ಯಾಪ್ (2015) ಎಂಬ ಎರಡೂ ಉಪಗ್ರಹಗಳು ಹಿಡಿಯುವುದು ಕಡಲಿನ 21 ಸೆಂ.ಮೀ. ಅಲೆಯುದ್ದದ ಮೈಕ್ರೋವೇವ್ ಸೂಸುವಿಕೆ; ಅದು ಹೊಮ್ಮುವುದು ಮೇಲಿನ ಒಂದು ಸೆಂಟಿಮೀಟರಿನಷ್ಟು ನೀರಿನಿಂದ. ಕಡಲೊಳಗೆ ಮುಳುಗೇಳುತ್ತಾ ಲವಣ ಅಳೆಯುವ ಆರ್ಗೋ ತೇಲುಗಗಳು ಮೇಲೇರುವಾಗ ಮೇಲ್ಮೈಗಿಂತ ಕೆಲವು ಮೀಟರ್ ಕೆಳಗೇ ಅಳತೆ ನಿಲ್ಲಿಸುತ್ತವೆ. ಮಳೆ ಬಿದ್ದ ಕೂಡಲೇ ಉಪಗ್ರಹದ ಮತ್ತು ತೇಲುಗದ ಲೆಕ್ಕ ತಾಳೆಯಾಗದಿರುವುದು ಅದಕ್ಕೇ. ‘ಮೇಲ್ಮೈ ಲವಣಾಂಶ’ ಎನ್ನಿ. ಉಪ್ಪೆಂದರೆ ಓದುಗನಿಗೆ ಅಡುಗೆಯುಪ್ಪು. ಇಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಎಲ್ಲ ಸೇರಿದೆ.

>> ಮತ್ತೆ ಸಂಸ್ಕೃತದ ಲವಣ! ತಮಿಳು, ತೆಲುಗು, ಮಲಯಾಳಂ ಎಲ್ಲದರಲ್ಲೂ ಉಪ್ಪು ಉಪ್ಪೇ. ಅದು ಸಾಲದಿದ್ದರೆ ‘ಸವಳು’ ಇದೆಯಲ್ಲ, ತೆಲುಗಿನ ಚವುಡು ಅದರದೇ ಬಳಗ. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಕಡಲಮೈ ಸವಳು.’

>>> ಆಗದು. ಸವಳೆಂದರೆ ಕೆಟ್ಟ ನೆಲ, ಕುಡಿಯಲಾಗದ ನೀರು. ಕಡಲಿಗೆ 35 ಕೇಡಲ್ಲ, ಸಹಜ. ಅರಬ್ಬಿ ಸಮುದ್ರದ 36, ಗಂಗಾ-ಬ್ರಹ್ಮಪುತ್ರಾ ನೀರು ಸೇರುವ ಬಂಗಾಳ ಕೊಲ್ಲಿಯ ಉತ್ತರದಲ್ಲಿ 30ಕ್ಕೂ ಕಡಿಮೆ: ಈ ಏರಿಳಿತ ಹೇಳಲು ‘ಅಂಶ’ ಎಂಬ ಪ್ರಮಾಣವಾಚಿಯೇ ಬೇಕು. ಪಾಠಪುಸ್ತಕದಲ್ಲಿ ಬೇರೂರಿದ ಪದವನ್ನು ಮೂಲ ನೋಡಿ ಕೀಳುವುದಾದರೆ ‘ಉಪಗ್ರಹ’ವನ್ನೂ ಕೀಳಿ.

‘ಹೊಳಪಿನ ಉಷ್ಣತೆ’ ಓದಿದವರು ನೀರಿನ ಬಿಸಿ ಎಂದುಕೊಳ್ಳುತ್ತಾರೆ. ‘ಸೂಸುತಾಪ’ ಎನ್ನಿ: ಸೂಸುವಿಕೆಯ ಬಲವನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ ಅದು. ಲವಣ ಏರಿದಂತೆ ಸೂಸುತಾಪ ಇಳಿಯುತ್ತದೆ: ಲವಣಾಂಶ 1 ಏರಿದರೆ ಬೆಚ್ಚನೆಯ ಕಡಲಲ್ಲಿ ಅರ್ಧ ಕೆಲ್ವಿನ್‌ಗೆ ತುಸು ಹೆಚ್ಚು, ಕೊರೆಯುವ ನೀರಲ್ಲಿ ಬರೀ ಕಾಲು. ಗಾಳಿ ಎಬ್ಬಿಸುವ ಅಲೆಯ ಒರಟುತನವೇ ಇಷ್ಟು ಸಣ್ಣ ವ್ಯತ್ಯಾಸವನ್ನು ನುಂಗಿಬಿಡಬಲ್ಲದು. ಅಲೆಯ ಪಾಲನ್ನು ಕಳೆದ ಮೇಲೂ ಉಪಗ್ರಹದ ಒಂದೇ ಹಾಯುವಿಕೆಯ ಲೆಕ್ಕ ನಂಬಲಾಗದು, ತಿಂಗಳ ಸರಾಸರಿ ತೆಗೆಯಬೇಕು.

>>>> ‘ಸೂಸು’ ಅಚ್ಚಗನ್ನಡ, ಅದಕ್ಕೆ ‘ತಾಪ’ದ ಬಾಲವೇಕೆ? ‘ಸೂಸುಬಿಸಿ’. ಕರಾವಳಿಯ ಮಕ್ಕಳು ಓದುವ ಫಲಕದಲ್ಲಿ ಉಪ್ಪೆಂಬ ಮಾತೇ ಇಲ್ಲವೆಂದರೆ ನಾನು ಒಪ್ಪೆ.

>>>>> ಬಿಸಿಯೇ ಅಲ್ಲವೆಂದು ಈಗಷ್ಟೇ ಬರೆದೆ. ಕರಾವಳಿಯ ಮಾತು ಬಂತಲ್ಲ, ನಕ್ಷೆಯಲ್ಲಿ ದಡದುದ್ದಕ್ಕೂ ಹತ್ತಾರು ಕಿಲೋಮೀಟರ್ ಖಾಲಿ ಇರುತ್ತದೆ. ನೆಲದ ಸೂಸುತಾಪ ಕಡಲಿನದರ ಎರಡು ಪಟ್ಟಿಗೂ ಮಿಕ್ಕಿದ್ದು, ದಡದ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಆ ಬಿಳಿ ಪಟ್ಟಿಗೆ ‘ಅಳತೆ ಇಲ್ಲ’ ಎಂದು ಬರೆಯಿರಿ. ಇಲ್ಲವಾದರೆ ಮಕ್ಕಳು ಅಲ್ಲಿ ಸಿಹಿನೀರಿದೆ ಎಂದುಕೊಳ್ಳುತ್ತಾರೆ.