ಎಚೆವೇರಿಯಾ ಕೊಳೀತಿದೆ, ಸೆಕೆ ಇರೋ ಕಡೆ ಇಂಥ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡೋ ಗಿಡ) ಹೇಗೆ ಉಳಿಸ್ಕೊಳ್ತೀರಾ?

ತುಂಬಾ ಆಸೆಪಟ್ಟು ತಂದಿದ್ದ ಮೂರು ಎಚೆವೇರಿಯಾದಲ್ಲಿ ಎರಡು ಕೊಳೆತು ಹೋದ್ವು, ಮೂರನೇದರ ಕೆಳಗಿನ ಎಲೆಗಳು ಗಾಜಿನ ತರ ಆಗಿ ಮುಟ್ಟಿದ್ರೆ ಉದುರ್ತಿವೆ. ನೀರು ಹಾಕ್ತಿದ್ದಿದ್ದು ವಾರಕ್ಕೊಂದ್ಸಲ ಮಾತ್ರ. ನಮ್ಮ ಕಡೆ ರಾತ್ರೀನೂ ಸೆಕೆ, ಗಾಳೀಲಿ ತೇವ. ಬೇರೆ ಬೇರೆ ಹವೆಯಲ್ಲಿ ಬೆಳೆಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

*

ನಾನೂ ಅಂಥದ್ದೇ ಹವೆಯಲ್ಲಿ ಐದು ವರ್ಷದಿಂದ ಬೆಳೆಸ್ತಿದೀನಿ, ಮೊದಲನೇ ವರ್ಷ ನನ್ನವೂ ಹೀಗೇ ಹೋಗಿದ್ವು, ತುಂಬಾ ಬೇಜಾರಾಗಿತ್ತು. ಆ ವಾರದ ಲೆಕ್ಕ ಮೊದಲು ಬಿಟ್ಬಿಡಿ. ಈ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಕೊಂಡಿದ್ದು ರಾತ್ರಿ ತಂಪಾದ್ಮೇಲೆ ತೆರ್ಕೊಳ್ತವೆ, ಎಚೆವೇರಿಯಾ ಅಂತೂ ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಗುಡ್ಡಗಳದ್ದು, ಅಲ್ಲಿ ಹಗಲು ಎಷ್ಟೇ ಬಿಸಿಲಿದ್ರೂ ರಾತ್ರಿ ತಣ್ಣಗಾಗುತ್ತೆ. ರಾತ್ರೀನೂ ಸೆಕೆ ಇಳಿಯಲ್ಲ ಅಂದ್ರೆ ಗಿಡ ಬೆಳೆಯೋದು ನಿಲ್ಸಿ ಸುಮ್ನಾಗುತ್ತೆ, ನೀರು ಎಳ್ಕೊಳ್ಳಲ್ಲ, ಗಾಳೀಲಿ ತೇವ ಇರೋದ್ರಿಂದ ಮಣ್ಣೂ ಒಣಗಲ್ಲ, ಅಷ್ಟರಲ್ಲಿ ನೀವು ಮತ್ತೆ ನೀರು ಹಾಕಿರ್ತೀರಾ. ಅದಕ್ಕೇ ನಾನು ಕುಂಡ ಎತ್ತಿ ನೋಡ್ತೀನಿ, ಹಗುರ ಆಗಿರ್ಬೇಕು, ಕೆಳಗಿನ ಎಲೆ ಸ್ವಲ್ಪ ಸುಕ್ಕು ಬಂದು ಮೆತ್ತಗಾಗಿರ್ಬೇಕು, ಎರಡೂ ಇದ್ರೆ ಮಾತ್ರ ನೀರು. ಸೆಕೆ ಜೋರಿರೋ ತಿಂಗಳಲ್ಲಿ ಮೂರು ವಾರ ಹಾಕದೇ ಇದ್ದಿದ್ದೂ ಉಂಟು.

ಮಣ್ಣೂ ನೋಡಿ. ತಂದ ಗಿಡ ಬರೀ ತೆಂಗಿನ ನಾರಿನ ಪುಡಿ, ಅಂದ್ರೆ ಕೋಕೋಪೀಟ್‌ನಲ್ಲಿದ್ರೆ ಬೇರು ಬಿಡಿಸಿ ಅದನ್ನೆಲ್ಲ ತೆಗೀರಿ. ನನ್ನ ಮಿಶ್ರಣದಲ್ಲಿ ಮುಕ್ಕಾಲು ಪಾಲು ದಪ್ಪ ಮರಳು, ಪರ್ಲೈಟ್ (ಹಗುರವಾದ ಬಿಳಿ ಕಾಳು), ಸಣ್ಣ ಜಲ್ಲಿ, ಉಳಿದ ಕಾಲು ಭಾಗ ಕಾಂಪೋಸ್ಟ್. ಗಾಳಿ ಆಡೋ ಜಾಗದಲ್ಲಿ ಇಡಿ, ಮಳೆ ನೇರ ಬೀಳೋದು ಬೇಡ. ಮತ್ತೆ ಒಂದು ಮಾತು, ಎಚೆವೇರಿಯಾನೇ ಬೇಕು ಅನ್ನೋ ಹಟ ಇಲ್ಲದಿದ್ರೆ ಅಡೇನಿಯಂ, ಸ್ನೇಕ್ ಪ್ಲಾಂಟ್ ಹಾಕಿ, ನಮ್ಮ ಸೆಕೆ ಅವಕ್ಕೆ ಇಷ್ಟ. ನೆರಳಿಗೆ ಹವೋರ್ಥಿಯಾ.

*

ನಮ್ದು ಒಣ ಬಿಸಿಲು, ಸಮಸ್ಯೆ ಪೂರಾ ಉಲ್ಟಾ. ಮಣ್ಣಿನ ಕುಂಡ ಎರಡೇ ದಿನಕ್ಕೆ ಒಣಗಿಬಿಡುತ್ತೆ ಅಂತ ನಾನು ಪ್ಲಾಸ್ಟಿಕ್‌ಗೆ ಬಂದೆ, ಆದ್ರೆ ಕಪ್ಪು ಬಣ್ಣದ್ದು ಬೇಡ, ಬೇರು ಬೆಂದು ಹೋಗುತ್ತೆ. ಒಳಗಿದ್ದ ಗಿಡವನ್ನ ಒಂದೇ ಸಲ ಬಿಸಿಲಿಗಿಟ್ಟು ಎಲೆಗಳೆಲ್ಲ ಸುಟ್ಟು ಕಂದು ಕಲೆ ಆದ್ವು, ಆ ಕಲೆ ಮತ್ತೆ ಹೋಗಲ್ಲ. ಈಗ ಬೆಳಗಿನ ಬಿಸಿಲು ಒಂದು ಗಂಟೆಯಿಂದ ಶುರು ಮಾಡಿ ಎರಡು ವಾರದಲ್ಲಿ ನಿಧಾನ ಹೆಚ್ಚಿಸ್ತೀನಿ, ಮಧ್ಯಾಹ್ನಕ್ಕೆ 50 ಪರ್ಸೆಂಟ್ ಶೇಡ್ ನೆಟ್. ಎಲೆ ಮೇಲಿನ ಬಿಳಿ ಪುಡಿ ಒರೆಸ್ಬೇಡಿ, ಬಿಸಿಲಿಂದ ಕಾಪಾಡೋದು ಅದೇ.

*

ಹಿಮ ಬೀಳೋ ಕಡೆ ಇರೋರು ಯಾರಾದ್ರೂ ಓದ್ತಿದ್ರೆ: ಸೆಂಪರ್‌ವೈವಮ್ ಹೊರಗೇ ಬಿಡಿ, ಯುರೋಪಿನ ಬೆಟ್ಟದ ಗಿಡ ಅದು, ಹಿಮದ ಕೆಳಗೆ ಮಲಗಿದ್ದು ವಸಂತಕ್ಕೆ ಮತ್ತೆ ಚಿಗುರುತ್ತೆ, ನೀರು ನಿಲ್ಲದಿದ್ರೆ ಸಾಕು. ಎಚೆವೇರಿಯಾ ಒಳಗೆ ತರ್ಲೇಬೇಕು. ಆದ್ರೆ ಒಳಗೆ ಬೆಳಕು ಸಾಲಲ್ಲ, ಹೀಟರ್ ಬಿಸಿಗೆ ಬೆಳೀತಾ ಹೋಗಿ ಕಾಂಡ ಉದ್ದಕ್ಕೆ ಎಳೆಯುತ್ತೆ, ಎಳೆದ ಕಾಂಡ ಮತ್ತೆ ಗಿಡ್ಡ ಆಗಲ್ಲ. ತಣ್ಣನೆ ಕೋಣೆ, ದಿನಕ್ಕೆ 12 ಗಂಟೆ ಗ್ರೋ ಲೈಟ್, ತಿಂಗಳಿಗೊಂದ್ಸಲ ಸ್ವಲ್ಪ ನೀರು, ನಾನು ಹೀಗೇ ಮೂರು ಚಳಿಗಾಲ ದಾಟಿಸಿದೀನಿ.

*

ಲಿಥಾಪ್ಸ್ (ಬೆಣಚುಕಲ್ಲಿನ ತರ ಕಾಣೋ ಪುಟ್ಟ ಸಕ್ಯುಲೆಂಟ್) ಇರೋರು ಗಮನಿಸಿ, ನಡುವೆ ಸೀಳಿ ಹೊಸ ಎಲೆ ಬರುವಾಗ ಹಳೆದು ಪೂರ್ತಿ ಒಣಗಿ ಕಾಗದ ಆಗೋ ತನಕ ಹನಿ ನೀರೂ ಬೇಡ.

*

ಎಲ್ಲರಿಗೂ ಥ್ಯಾಂಕ್ಸ್. ಮೂರನೇದನ್ನ ಈಗ ಕಿತ್ತು ನೋಡಿದೆ, ಹೇಳಿದ ಹಾಗೇ ಬೇರಿನ ಸುತ್ತ ಒದ್ದೆ ಕೋಕೋಪೀಟ್ ಉಂಡೆ, ಕಾಂಡ ಅರ್ಧ ಕಪ್ಪಾಗಿದೆ. ಇನ್ನು ಬದುಕುತ್ತಾ?

*

ಮೇಲಿನ ಭಾಗ ಗಟ್ಟಿ ಇದ್ರೆ ಬದುಕುತ್ತೆ. ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿಂದ ಸ್ವಲ್ಪ ಸ್ವಲ್ಪ ಮೇಲಕ್ಕೆ ಕತ್ತರಿಸ್ತಾ ಹೋಗಿ, ಕತ್ತರಿಸಿದ ಕಡೆ ಕಂದು ಚುಕ್ಕೆ ಒಂದೂ ಕಾಣ್ಬಾರ್ದು, ಪ್ರತಿ ಸಲ ಬ್ಲೇಡ್ ಒರೆಸ್ಕೊಳ್ಳಿ. ಆಮೇಲೆ ನೆರಳಲ್ಲಿ ಒಂದು ವಾರ ಸುಮ್ನೆ ಒಣಗ್ಲಿ, ಒಣ ಮಣ್ಣಿನ ಮೇಲೆ ಕೂರ್ಸಿ, ಬೇರು ಕಾಣಿಸ್ಕೊಂಡ ಮೇಲೆ ನೀರು. ಇವತ್ತೇ ಮಾಡಿ, ನಾಳೆಗೆ ಬಿಟ್ರೆ ಕಪ್ಪು ಇನ್ನೂ ಮೇಲೆ ಹತ್ತುತ್ತೆ.