ಸಮಸ್ಯಾಪೂರಣ: ಹಿತ್ತಿಲ ಹಕ್ಕಿ, ನುಂಗಿದ ಮರ

ಸರಸ್ವತಿಪುರಂ, ಮೈಸೂರು:
ಗೆಳೆಯರೇ, ಈ ವಾರದ ಸಮಸ್ಯೆ ನಮ್ಮ ಹಿತ್ತಿಲಿನದು. ಧನುರ್ಮಾಸ ಅಂತ ಮನೆಯವರು ಬೇಗ ಏಳುತ್ತಾರೆ, ನಾನು ಕ್ಯಾಮೆರಾ ಹಿಡಿದು ಹಿಂದಕ್ಕೆ ಹೋಗುತ್ತೇನೆ.

"ಚಳಿಗಾಲದಲಿ ಹಕ್ಕಿ ಮರವನೇ ನುಂಗಿತ್ತು"

ಇದು ನಾಲ್ಕನೇ ಸಾಲು. ಈ ವಿಚಿತ್ರ ಮಾತಿಗೆ ಅರ್ಥ ಬರುವಂತೆ ಮೊದಲ ಮೂರು ಸಾಲು ನೀವು ಕಟ್ಟಬೇಕು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಆದಿಪ್ರಾಸ ಳಕಾರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಳ ಬರಬೇಕು. ಹಕ್ಕಿ ಚಿಕ್ಕದೇ ಆಗಬೇಕು. ನವಿಲು, ಹದ್ದು ತರಬೇಡಿ.

ಮಂಡ್ಯ:
ಮೇಷ್ಟ್ರೇ, ನನ್ನದೇ ಮೊದಲು.
"ಕಡುಮಂಜು ಬೇಲಿಯಲಿ ಉಲಿಯಕ್ಕಿ ಅಡಗಿತ್ತು..."
ಮುಂದೆ ಹೊಳೆಯುತ್ತಿಲ್ಲ. ಉಲಿಯಕ್ಕಿ ಅನ್ನೋ ಪುಟ್ಟ ವಲಸೆ ಹಕ್ಕಿಗೆ ಎರಡು ಗಂಟೆ ಕಾದೆ. ಟಕ್ ಟಕ್ ಅಂತ ಸದ್ದು, ಅಷ್ಟೇ. ಮಧ್ಯ ಏಷ್ಯಾದಿಂದ ಇಲ್ಲಿಗೆ ಹಾರಿ ಬರುತ್ತೆ, ಬೇಲಿಯಿಂದ ಒಂದಡಿ ಹೊರಗೆ ಬರೋಕೆ ನಾಚಿಕೆ! ನನ್ನ ಫೋಟೋದಲ್ಲಿ ಮರವೇ ಹಕ್ಕಿಯನ್ನು ನುಂಗಿದೆ.

ಸರಸ್ವತಿಪುರಂ:
ಗಣ ಸರಿ ಇದೆ. ಳಕಾರ ಕೇಳಿದರೆ ಡಕಾರ ತಂದಿರಿ. ಪ್ರಾಸ ಮೊದಲ ಸಾಲಲ್ಲೇ ಹಾರಿಹೋಯ್ತಲ್ಲ ಸ್ವಾಮಿ.

ಕುವೆಂಪುನಗರ:
ಬೆಳಗಾಗೆ ಸೂರಕ್ಕಿ ದಾಸವಾಳಕೆ ಬಂತು
ಒಳಗಿಂದ ಲೆನ್ಸೊಡ್ಡಿ ಕಿಟಕಿಯಲಿ ನಾ ನಿಂತೆ
ಕಳೆದು ಹಿಂದಿನ ಮಾವು ಹಸಿರು ಮಂಜಾಗಿತ್ತು
ಚಳಿಗಾಲದಲಿ ಹಕ್ಕಿ ಮರವನೇ ನುಂಗಿತ್ತು

ಮಕರಂದ ಹೀರೋ ಸೂರಕ್ಕಿ ಹನ್ನೆರಡು ಅಡಿ ದೂರ, ಮಾವು ಅದರಿಂದ ಇನ್ನೂ ನಲವತ್ತಡಿ ಹಿಂದೆ. 400 ಎಂಎಂ ಲೆನ್ಸ್, ಅಪರ್ಚರ್ (ಬೆಳಕು ಬಿಡೋ ಕಿಂಡಿ) ಪೂರ್ತಿ ತೆರೆದಿದ್ದೆ, ಅದಕ್ಕೇ ಹಿಂದಿನದೆಲ್ಲ ಮಸುಕು. ಹತ್ತು ಸೆಂಟಿಮೀಟರಿನ ಹಕ್ಕಿಯ ಕೊಕ್ಕಿಗೆ ಅಂಟಿದ ಹಳದಿ ಪರಾಗ ಕೂಡ ಕಾಣುತ್ತೆ. ಅಷ್ಟು ದೊಡ್ಡ ಮರದ್ದು ಒಂದೆಲೆಯೂ ಇಲ್ಲ.

ಸರಸ್ವತಿಪುರಂ:
ಭೇಷ್! "ಲೆನ್ಸೊಡ್ಡಿ" ಕಿವಿಗೆ ಸ್ವಲ್ಪ ಒರಟು. ಗಣ ಮಾತ್ರ ಕೆಟ್ಟಿಲ್ಲ.

ಶ್ರೀರಂಗಪಟ್ಟಣ:
ನನ್ನ ಹತ್ತಿರ ಕ್ಯಾಮೆರಾ ಇಲ್ಲ. ಅಡುಗೆಮನೆ ಕಿಟಕಿ ಇದೆ.

ಎಳೆಬಿಸಿಲು. ಗಸಗಸೆಯ ಕೆಂಪು ಹಣ್ಣೊಂದಿತ್ತು
ಒಳಗೆ ಸಾವಿರ ಬೀಜ, ಬೀಜದೊಳು ಮರವುಂಟು
ಗುಳುಮೆಂದು ಪಿಕಳಾರ ಕೊಕ್ಕೆತ್ತಿ ಹಾರಿತ್ತು
ಚಳಿಗಾಲದಲಿ ಹಕ್ಕಿ ಮರವನೇ ನುಂಗಿತ್ತು

ಸರಸ್ವತಿಪುರಂ:
ಅಕ್ಕಾ, ನಾನು ಸಮಸ್ಯೆ ಬರೆದಾಗ ಇದು ತಲೆಗೇ ಬಂದಿರಲಿಲ್ಲ.

ಮಂಡ್ಯ:
ಮೇಷ್ಟ್ರೇ, ಳಕಾರ ಸಿಕ್ಕಿತು. ಚಳಿಯಲ್ಲಿ ಮಡಿವಾಳ ಹಕ್ಕಿ ಜಾಸ್ತಿ ಹಾಡಲ್ಲ ಅಲ್ವಾ? ಅದಕ್ಕೇ ಸುಮ್ನೆ ಕೂತು ಪೋಸು ಕೊಟ್ಟಿತು.

ಬಿಳಿಹೊಟ್ಟೆ ಮಡಿವಾಳ ಬೇಲಿಯಲಿ ಕೂತಿತ್ತು
ಎಳೆದು ದೊಡ್ಡದು ಮಾಡಿ ಚಿತ್ರವನು ನೋಡಿದರೆ
ಹೊಳೆವ ಕಣ್ಣಲಿ ಪುಟ್ಟ ತೆಂಗೊಂದು ನಿಂತಿತ್ತು
ಚಳಿಗಾಲದಲಿ ಹಕ್ಕಿ ಮರವನೇ ನುಂಗಿತ್ತು

ಸರಸ್ವತಿಪುರಂ:
ಈ ವಾರ ನಿಮ್ಮದೇ. ಸಾಸಿವೆಯಷ್ಟು ಕಣ್ಣಲ್ಲಿ ತೆಂಗಿನಮರ! ಅಂದ ಹಾಗೆ, ಆ ತೆಂಗು ನಿಮ್ಮದಾ?

ಮಂಡ್ಯ:
ಪಕ್ಕದ ಮನೆಯದು. ಅವರನ್ನ ಕೇಳದೇ ನುಂಗಿದೆ.