ಅಪ್‌ಡೇಟ್: 'ಇಟ್ ಕೇಮ್ ಫ್ರಮ್ ದ ಡೆಸರ್ಟ್' ಕೊನೆಗೂ ಓಡಿತು!

ಅಮಿಗಾ ಅನ್ನೋ ಹಳೇ ಹೋಮ್ ಕಂಪ್ಯೂಟರ್‌ಗೆ 1989ರಲ್ಲಿ ಬಂದ ಈ ಗೇಮ್, ಆ ಕಂಪ್ಯೂಟರನ್ನು ಅನುಕರಿಸೋ ನನ್ನ ಎಮ್ಯುಲೇಟರ್‌ನಲ್ಲಿ ಶುರುವೇ ಆಗುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಬೇರೆ ಡಿಸ್ಕ್ ಫೈಲ್ ಹಾಕಿದೆ, ಪ್ರಯೋಜನ ಆಗಲಿಲ್ಲ. ಡ್ರೈವ್ ವೇಗ ಇಳಿಸಿದರೂ ಅದೇ ಕಪ್ಪು ಪರದೆ. "ಮೆಮೊರಿ ಎಷ್ಟು ಕೊಟ್ಟಿದ್ದೀರಿ ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್! ನಾನು ಅಮಿಗಾ 500 ಮಾಡೆಲ್‌ಗೆ 512 ಕೆಬಿ ಮಾತ್ರ ಇಟ್ಟಿದ್ದೆ, ಈ ಗೇಮ್‌ಗೆ 1 ಎಂಬಿ ಬೇಕೇ ಬೇಕು. ಇನ್ನೊಂದು 512 ಸೇರಿಸಿದೆ, ತಕ್ಷಣ ಓಡಿತು.

ಆಮೇಲೆ ಎರಡು ರಾತ್ರಿ ನಿದ್ದೆ ಇಲ್ಲ. 1951ರ ಮರುಭೂಮಿ, ಲಿಝರ್ಡ್ ಬ್ರೆತ್ ಅನ್ನೋ ಪುಟ್ಟ ಊರು, ಉಲ್ಕೆ ಬಿದ್ದಮೇಲೆ ಬೆಳೆದ ದೈತ್ಯ ಇರುವೆಗಳು, ನಾವು ಭೂವಿಜ್ಞಾನಿ. ಐವತ್ತರ ದಶಕದ ರಾಕ್ಷಸ ಸಿನಿಮಾಗಳೇ ಇದಕ್ಕೆ ಸ್ಫೂರ್ತಿ. ಇರುವೆ ಎದುರು ಬಂದಾಗ ಮೈಗೆ ಗುಂಡು ಹೊಡೀತಾ ಕೂರಬೇಡಿ, ಮೀಸೆಗೆ ಗುರಿಯಿಡಿ.

ನನಗೆ ಆಶ್ಚರ್ಯ ಆಗಿದ್ದು ಇದು: ಸೋತರೆ ಆಟ ಮುಗಿಯೋದಿಲ್ಲ, ಆಸ್ಪತ್ರೆ ಮಂಚದ ಮೇಲೆ ಎಚ್ಚರ ಆಗುತ್ತೆ. ಆದರೆ ಇರೋದು 15 ದಿನ ಮಾತ್ರ, ಅಲ್ಲಿ ಮಲಗಿದಷ್ಟೂ ಸಮಯ ಹೋಗುತ್ತೆ. ಹಾಗಾಗಿ ನರ್ಸ್‌ಗಳ ಕಣ್ಣು ತಪ್ಪಿಸಿ ಓಡಿಹೋಗೋಕೂ ನೋಡಬಹುದು!